ಹತ್ತಕ್ಕೆ ಒಂದು!

ಮಿತ್ರರೇ, ಈ ವಾರ ಸಿನಿಮಾ ಸುದ್ದಿ ಸ್ವಲ್ಪ ಪಕ್ಕಕ್ಕಿರಲಿ. ಯಾವ ಪಿಕ್ಚರು ಹೌಸ್‌ಫುಲ್ ಆಯಿತು, ಯಾವುದು ಎರಡನೇ ವಾರಕ್ಕೇ ಡಬ್ಬ ಸೇರಿತು ಅನ್ನೋ ಲೆಕ್ಕ ಮುಂದಿನ ವಾರ ನೋಡೋಣ. ಗಾಂಧಿನಗರ ಎಲ್ಲಿಗೂ ಓಡಿಹೋಗೋದಿಲ್ಲ. ಈ ಸಲ ಫುಟ್‌ಬಾಲ್ ಆಡಿ ಸೋತವರ ಕಥೆ. ಸೋಲು ಅಂದರೆ ಅಂತಿಂಥ ಸೋಲಲ್ಲ... ಹತ್ತು ಗೋಲಿನ ಸೋಲು!

“ಸೋತವರ ಕಥೆ ಯಾರಿಗೆ ಬೇಕು ಗುರುವೇ?” ಅಂತ ಪುಟ ತಿರುಗಿಸಬೇಡಿ. ಇಂಟರ್‌ವಲ್‌ಗೆ ಮುಂಚೆ ಹೀರೋ ಒಂದು ಏಟೂ ತಿನ್ನದ ಪಿಕ್ಚರನ್ನು ನೀವು ಯಾವತ್ತಾದರೂ ಮೂರು ಸಲ ನೋಡಿದ್ದೀರಾ? ಎದೆ ಮುಟ್ಟಿಕೊಂಡು ಹೇಳಿ!

ಈ ಮಾತು ಎತ್ತೋದಕ್ಕೆ ಕಾರಣ ನಮ್ಮ ಕಾಫಿ ಸೀಮೆಯ ಒಂದು ಕಾಲೇಜು ಟೀಮು. ಹೆಸರು ಬೇಡ ಬಿಡಿ. ಸೋತವರನ್ನು ಹೆಸರು ಹಿಡಿದು ಕರೆಯೋದು ಮಲೆನಾಡಿನ ಮರ್ಯಾದೆಯಲ್ಲ. ಈ ವರ್ಷ ಅವರು ಆಡಿದ್ದು ಆರು ಮ್ಯಾಚು, ಸೋತದ್ದೂ ಆರು. “ಮುಂದಿನ ವರ್ಷದಿಂದ ಟೀಮು ಕಳಿಸೋದೇ ಬೇಡ, ಬಸ್ ಚಾರ್ಜೂ ದಂಡ, ಜರ್ಸಿ ದುಡ್ಡೂ ದಂಡ” ಅಂತ ಕಾಲೇಜಿನಲ್ಲಿ ಮಾತು ನಡೆದಿದೆ. ಆ ಟೀಮಿನ ಗೋಲ್‌ಕೀಪರು ನಮ್ಮ ಅಕ್ಕನ ಮಗ.

ಮೊನ್ನೆ ಬಂದವನೇ ಹೇಳಿದ. “ಮಾವ, ಈ ಗ್ಲೌಸ್‌ನ ಬಚ್ಚಲ ಒಲೆಗೆ ಹಾಕ್ತೀನಿ. ಮೂಡಿಗೆರೆ ಬಸ್ ಸ್ಟ್ಯಾಂಡಲ್ಲಿ ಇಳಿದರೆ ಸಾಕು, ಟೀ ಅಂಗಡಿಯೋರೂ ‘ಇವತ್ತು ಎಷ್ಟು ಬಿತ್ತೋ?’ ಅಂತ ಕೇಳ್ತಾರೆ.”

“ಹಾಕು ಮಾರಾಯ, ನೀರು ಬೇಗ ಕಾಯುತ್ತೆ” ಅಂದೆ. “ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ಆರೂ ಮ್ಯಾಚಿನಲ್ಲಿ ಒಂದೊಂದು ಗೋಲು ಎಷ್ಟನೇ ನಿಮಿಷಕ್ಕೆ ಬಿತ್ತು ಅಂತ ಬರೆದುಕೊಡು.”

ಹುಡುಗ ಗೊಣಗಿಕೊಂಡೇ ಹಳೇ ಕ್ಯಾಲೆಂಡರಿನ ಹಿಂದುಗಡೆ ಬರೆಯೋಕೆ ಕೂತ. ಅವನು ಬರೆಯೋವರೆಗೆ ನಾನು ಹೇಳಿದ ಕಥೆ ಇದು. ನಮ್ಮ ರಾಜ್ಯದ ಹುಡುಗರದ್ದೇ ಕಥೆ, ನಡೆದದ್ದು ಮಾತ್ರ ಸಮುದ್ರದಾಚೆ.

* * *

1948ನೇ ಇಸವಿ, ಜುಲೈ 31. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸು. ಇಲ್ಫರ್ಡ್ ಅನ್ನೋ ಕಡೆ ಕ್ರಿಕಲ್‌ಫೀಲ್ಡ್ ಮೈದಾನ. ಒಂದು ಕಡೆ ಬೂಟು ಹಾಕಿದ ಫ್ರಾನ್ಸ್. ಇನ್ನೊಂದು ಕಡೆ ನಮ್ಮವರು. ಬಹುಪಾಲು ಆಟಗಾರರದ್ದು ಬರಿಗಾಲು! ಕಾಲಿಗೆ ಬಟ್ಟೆ ಪಟ್ಟಿ ಸುತ್ತಿಕೊಂಡವರು ಕೆಲವರು.

ಕ್ಯಾಪ್ಟನ್ ಯಾರು ಗೊತ್ತೇ? ತಾಲಿಮೆರೆನ್ ಆವ್. ನಾಗಾ ಬೆಟ್ಟದಿಂದ ವೈದ್ಯಕೀಯ ಓದೋಕೆ ಅಂತ ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿಗೆ ಬಂದು, ಓದಿನ ಜೊತೆಗೇ ಮೋಹನ್ ಬಗಾನ್ ಸೇರಿದವರು. ಆ ಒಲಿಂಪಿಕ್ಸಿನ ಮೆರವಣಿಗೆಯಲ್ಲಿ ಸ್ವತಂತ್ರ ಭಾರತದ ಬಾವುಟ ಹಿಡಿದು ಮುಂದೆ ನಡೆದವರೂ ಅವರೇ. ನಮ್ಮ ಹಾಗೇ ಬೆಟ್ಟದ ಮೇಲಿನ ಹುಡುಗ ಅನ್ನಿ!

ಇನ್ನು ನಮ್ಮವರ ಪಟ್ಟಿ ನೋಡಿ. ಗೋಲ್‌ಕೀಪರ್ ವರದರಾಜ್, ಮುಂದಿನ ಸಾಲಿನಲ್ಲಿ ಅಹ್ಮದ್ ಖಾನ್, ರಾಮನ್, ಧನರಾಜ್, ಜೊತೆಗೆ ವಜ್ರವೇಲು. ಎಲ್ಲರೂ ಅಂದಿನ ಮೈಸೂರು ರಾಜ್ಯದ ಆಟಗಾರರು. ಒಂದು ರಾಜ್ಯದಿಂದ ಇಷ್ಟು ಜನ ಹೇಗೆ ಅಂತೀರಾ? ಹೊಟ್ಟೆಕಿಚ್ಚು ಪಡಬೇಕಾದ ಕಾಲ ಅದು ಸ್ವಾಮಿ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಮಿಲಿಟರಿ ಟೀಮುಗಳ ಕೈಯಿಂದ ಮೊದಲ ಸಲ ಕಿತ್ತುಕೊಂಡದ್ದು ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರದ್ದೇ. 1946-47ರಲ್ಲಿ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದು ಮೈಸೂರು. ಬೆಂಗಳೂರಿನ ಅಹ್ಮದ್ ಖಾನ್ ಚೆಂಡು ಹಿಡಿದರೆ ಎದುರಿನವರಿಗೆ ಹಾವಾಡಿಗನ ಪುಂಗಿ ಕೇಳಿದ ಹಾಗಾಗುತ್ತಿತ್ತಂತೆ. ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಈ ಐವರಿಗೆ ಜನ ಇಟ್ಟ ಹೆಸರು ‘ಪಂಚ ಪಾಂಡವರು’. ಕಲ್ಕತ್ತೆಯವರು ಹೊರಗಿನವರಿಗೆ ಅಂಥ ಹೆಸರು ಸುಮ್ಮನೆ ಕೊಡ್ತಾರಾ?

ಸರಿ, ಮ್ಯಾಚಿಗೆ ಬರೋಣ. 30ನೇ ನಿಮಿಷಕ್ಕೆ ಫ್ರಾನ್ಸ್ ಒಂದು ಗೋಲು. 70ನೇ ನಿಮಿಷಕ್ಕೆ ನಮ್ಮ ರಾಮನ್ ಹೊಡೆದರು ನೋಡಿ... ಒಂದಕ್ಕೊಂದು! ಸ್ವತಂತ್ರ ಭಾರತದ ಮೊಟ್ಟಮೊದಲ ಗೋಲು ಅದು. ನಮಗೆ ಎರಡು ಪೆನಾಲ್ಟಿಯೂ ಸಿಕ್ಕಿದ್ದವು. ಒಂದು ಶೈಲೇನ್ ಮನ್ನಾ, ಇನ್ನೊಂದು ಮಹಾಬೀರ್ ಪ್ರಸಾದ್. ಎರಡೂ ಹೋದವು! ಕೊನೆಗೆ 89ನೇ ನಿಮಿಷ. ಇನ್ನೇನು ಸೀಟಿ ಊದಬೇಕು, ಫ್ರಾನ್ಸಿನ ಪೆರ್ಸಿಯೋಂ ಚೆಂಡನ್ನು ಬಲೆಗೆ ಸೇರಿಸಿದ. ಎರಡು-ಒಂದು. ಮುಗೀತು ಕಥೆ. ಕ್ಲೈಮ್ಯಾಕ್ಸಿನ ರೀಲಿನಲ್ಲಿ ಕರೆಂಟು ಹೋದ ಹಾಗೆ!

ಬರಿಗಾಲೇಕೆ ಅಂತ ಕೇಳಿದ್ದಕ್ಕೆ ಆವ್ ಅವರು “ನಾವು ಆಡೋದು ಫುಟ್‌ಬಾಲು, ನಿಮ್ಮದು ಬೂಟ್‌ಬಾಲು” ಅಂದರಂತೆ. ಒಳ್ಳೇ ಡೈಲಾಗು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಬೀಳೋ ಡೈಲಾಗು. ಆದರೆ ಡೈಲಾಗಿಗೆ ಗೋಲು ಬೀಳೋದಿಲ್ಲ ನೋಡಿ.

* * *

ಇಲ್ಲಿ ಕಥೆಗೆ ಒಂದು ತಿರುವು. 1951ರಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಫೈನಲ್‌ನಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಗೋಲು, ಒಂದು-ಸೊನ್ನೆ, ನಮಗೆ ಚಿನ್ನ! ಬರಿಗಾಲಿನಲ್ಲೇ ಬಂದ ಚಿನ್ನ. ದೇಶ ಕುಣಿದಾಡಿತು. ಕುಣಿಯಬೇಕಾದ್ದೇ. ಆದರೆ ಲಂಡನ್ನಿನಲ್ಲಿ ಎರಡು ಪೆನಾಲ್ಟಿ ಯಾಕೆ ಹೋದವು, ಕೊನೇ ನಿಮಿಷಕ್ಕೆ ಕಾಲು ಯಾಕೆ ಸೋತವು ಅನ್ನೋ ಪ್ರಶ್ನೆ ಆ ಚಿನ್ನದ ಹೊಳಪಿನಲ್ಲಿ ಮುಚ್ಚಿಹೋಯಿತು. ಗೆಲುವು ಅನ್ನೋದು ಮೇಕಪ್ ಇದ್ದ ಹಾಗೆ. ಮುಖದ ಮೇಲಿನ ಕಲೆ ಕಾಣೋದಿಲ್ಲ, ಅಷ್ಟೇ. ಕಲೆ ಇರುತ್ತೆ.

ಮೇಕಪ್ಪು ಇಳಿದದ್ದು 1952ರ ಜುಲೈ 15ಕ್ಕೆ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಎದುರಿಗೆ ಯುಗೋಸ್ಲಾವಿಯ. ಈಗ ಆ ಹೆಸರಿನ ದೇಶವೇ ಇಲ್ಲ, ಆಗ ಅವರ ಫುಟ್‌ಬಾಲ್ ಅಂದರೆ ಯೂರೋಪು ನಡುಗುತ್ತಿತ್ತು. ಚಳಿ ದೇಶ, ನಮ್ಮವರದ್ದು ಮತ್ತೆ ಬರಿಗಾಲು. ಹಾಫ್ ಟೈಮಿಗೆ ಐದು-ಸೊನ್ನೆ. ಬ್ರಾಂಕೋ ಜೆಬೆಕ್ ಒಬ್ಬನೇ ನಾಲ್ಕು ಹೊಡೆದ. ಏಳು... ಎಂಟು... ಒಂಬತ್ತು... ಹತ್ತು!

ಹತ್ತು-ಸೊನ್ನೆ. ನೀವೇ ಆ ಮೈದಾನದಲ್ಲಿದ್ದೀರಿ ಅಂದುಕೊಳ್ಳಿ. ಇನ್ನು ಉಳಿದಿರೋದು ಒಂದೇ ನಿಮಿಷ. ಕಾಲು ಮರಗಟ್ಟಿದೆ. ಸೀಟಿ ಊದಿದರೆ ಸಾಕಪ್ಪಾ, ಟೆಂಟಿಗೆ ಹೋಗಿ ಮುಖ ಮುಚ್ಚಿಕೊಂಡು ಮಲಗೋಣ ಅನ್ನಿಸುತ್ತಾ ಇಲ್ಲವಾ? 89ನೇ ನಿಮಿಷಕ್ಕೆ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಚೆಂಡು ತಗೊಂಡು ಹೋಗಿ ಗೋಲು ಹೊಡೆದರು. ಹತ್ತು-ಒಂದು!

ಲಂಡನ್ನಿನಲ್ಲಿ ಇದೇ 89ನೇ ನಿಮಿಷಕ್ಕೆ ಗೋಲು ತಿಂದ ತಂಡದಲ್ಲೂ ಅವರಿದ್ದರು. ನಾಲ್ಕು ವರ್ಷದ ಮೇಲೆ ಅದೇ 89ನೇ ನಿಮಿಷಕ್ಕೆ ಹೊಡೆದವರೂ ಅವರೇ. ಒಂದು ಗೋಲಿನಿಂದ ಮ್ಯಾಚೇನೂ ಬದಲಾಗಲಿಲ್ಲ, ನಿಜ. ಆದರೆ ಸ್ಕೋರ್ ಬೋರ್ಡಿನಲ್ಲಿ ಸೊನ್ನೆ ಇದ್ದ ಜಾಗಕ್ಕೆ ಒಂದು ಬಂತಲ್ಲ! ಅದಕ್ಕೆ ಬೆಲೆ ಕಟ್ಟೋರು ಯಾರು?

ಅಂದಹಾಗೆ ಅಭಿಮಾನಿಗಳಿಗೆ ಒಂದು ಮಾತು. ಅದೇ 1952ರಲ್ಲಿ ‘ಶ್ರೀ ಶ್ರೀನಿವಾಸ ಕಲ್ಯಾಣ’ ಅನ್ನೋ ಪಿಕ್ಚರಿನಲ್ಲಿ ಮುತ್ತುರಾಜ್ ಅನ್ನೋ ನಾಟಕದ ಹುಡುಗ ಸಪ್ತರ್ಷಿಗಳಲ್ಲಿ ಒಬ್ಬನಾಗಿ ಬಂದು ಹೋಗಿದ್ದ. ಏಳು ಜನ ಋಷಿಗಳಲ್ಲಿ ಇವನು ಯಾರು ಅಂತ ಕೇಳಿದವರೂ ಇಲ್ಲ. ಎರಡೇ ವರ್ಷ. 1954ಕ್ಕೆ ‘ಬೇಡರ ಕಣ್ಣಪ್ಪ’. ಅಲ್ಲಿಂದ ಮುಂದಿನದನ್ನು ನಿಮಗೆ ನಾನು ಹೇಳಬೇಕೇ? ಹಾಗೇನೇ, ಹೆಲ್ಸಿಂಕಿಯಲ್ಲಿ ನೆಲ ಕಚ್ಚಿದ ಟೀಮಿನ ಎರಡನೇ ಶೋ ಇನ್ನೂ ಬಾಕಿ ಇತ್ತು.

* * *

ತಂಡದ ಕೋಚ್ ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನವರು, ವೃತ್ತಿಯಿಂದ ಮೇಷ್ಟ್ರು. ಮೇಷ್ಟ್ರು ಅಂದಮೇಲೆ ತಪ್ಪು ಉತ್ತರಕ್ಕೆ ಬರೀ ಸೊನ್ನೆ ಹಾಕಿ ಸುಮ್ಮನಾಗ್ತಾರಾ? ಎಲ್ಲಿ ತಪ್ಪಿತು ಅಂತ ಕೆಂಪು ಶಾಯಿಯಲ್ಲಿ ಬರೀತಾರೆ. ಹತ್ತು ಗೋಲಿನ ಉತ್ತರ ಪತ್ರಿಕೆಯಲ್ಲಿ ಕೆಂಪು ಶಾಯಿಗೇನು ಕೊರತೆ!

ಮೊದಲನೇ ತಪ್ಪು ಕಾಲಿನದು. ಒಣ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಮೇಲೆ ಸಿಗುವ ಹಿಡಿತ ಬೂಟಿಗೆ ಸಿಗೋದಿಲ್ಲ, ಒಪ್ಪೋಣ. ಆದರೆ ನೆಲ ಒದ್ದೆಯಾಯಿತು ಅನ್ನಿ... ಇದನ್ನು ಮೂಡಿಗೆರೆ, ಕಳಸದ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಕೆಮ್ಮಣ್ಣಿನ ಮೈದಾನದಲ್ಲಿ ಬರಿಗಾಲಿನಲ್ಲಿ ಓಡಿದವನಿಗೆ ಗೊತ್ತು, ತಿರುಗಬೇಕಾದ ಕಡೆ ಕಾಲು ತಿರುಗೋದಿಲ್ಲ, ಜಾರುತ್ತೆ. ಬೂಟಿನ ಅಡಿಯ ಗುಬ್ಬಿಗಳು ನೆಲ ಕಚ್ಚಿ ಹಿಡೀತಾವೆ. ಮೇಲಾಗಿ ಆ ಕಾಲದ ಚೆಂಡು ಚರ್ಮದ್ದು. ಒಳಗೆ ರಬ್ಬರ್ ಬ್ಲಾಡರು, ಮೇಲೆ ಲಾಡಿ ಕಟ್ಟಿ ಬಿಗಿಯೋದು. ನೀರು ಕುಡಿದರೆ ಕುಂಬಳಕಾಯಿ ಭಾರ! ಅದನ್ನು ಬರಿಗಾಲಿನಲ್ಲಿ ದೂರ ಹೊಡೆಯೋದು ಹುಡುಗಾಟವಲ್ಲ. ಬೂಟಿನ ಕಾಲು ಎದುರಿಗೆ ಬಂದಾಗ ಬರಿಗಾಲು ತಾನಾಗೇ ಹಿಂದೆ ಸರಿಯುತ್ತೆ. ಅದು ಹೇಡಿತನವಲ್ಲ ಕಣ್ರೀ, ಮೂಳೆಯ ಬುದ್ಧಿ!

ಎರಡನೇ ತಪ್ಪು ಗಡಿಯಾರದ್ದು. ನಮ್ಮ ದೇಶದೊಳಗಿನ ಪಂದ್ಯಗಳು ಆಗ 70 ನಿಮಿಷದವು. ಹೊರಗೆ ಹೋದರೆ 90 ನಿಮಿಷ. ಎಪ್ಪತ್ತು ನಿಮಿಷಕ್ಕೆ ಪಳಗಿದ ಉಸಿರು ಕೊನೆಯ ಇಪ್ಪತ್ತು ನಿಮಿಷಕ್ಕೆ ಎಲ್ಲಿಂದ ಬರಬೇಕು?

ಆ ಸೋಲಿನ ಮೇಲೆ ನಮ್ಮ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. 1948ರ ಮರ್ಯಾದೆಯ ಸೋಲು ಮಾಡಿಸದ ಕೆಲಸ, 1951ರ ಚಿನ್ನ ಮಾಡಿಸದ ಕೆಲಸ, ಹತ್ತು ಗೋಲಿನ ಅವಮಾನ ಮಾಡಿಸಿತು!

ಫಲ? 1956, ಮೆಲ್ಬೋರ್ನ್ ಒಲಿಂಪಿಕ್ಸು. ಆತಿಥೇಯ ಆಸ್ಟ್ರೇಲಿಯದ ಮೇಲೆ ನಾಲ್ಕು-ಎರಡು ಗೆಲುವು. ನೆವಿಲ್ ಡಿಸೋಜಾ ಹ್ಯಾಟ್ರಿಕ್ಕು! ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೋಸ್ಲಾವಿಯ ಸಿಕ್ಕಿತು. ಸೋತೆವು, ಆದರೆ ಹತ್ತು-ಒಂದಲ್ಲ, ನಾಲ್ಕು-ಒಂದು. ಕೊನೆಗೆ ಬಂದದ್ದು ನಾಲ್ಕನೇ ಸ್ಥಾನ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಹೋಗಿಲ್ಲ. 1960ರ ರೋಮ್‌ನಲ್ಲಿ ಅದೇ ಫ್ರಾನ್ಸ್ ಜೊತೆ ಒಂದು-ಒಂದು ಸಮ. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು ಎರಡು-ಒಂದರಿಂದ ಬಗ್ಗಿಸಿ ಮತ್ತೆ ಏಷ್ಯನ್ ಚಿನ್ನ. ಮರುವರ್ಷವೇ ರಹೀಂ ಮೇಷ್ಟ್ರು ಕ್ಯಾನ್ಸರಿನಿಂದ ತೀರಿಕೊಂಡರು.

ಇನ್ನೊಂದು ಮಜಾ ಕೇಳಿ. ನಮಗೆ ಹತ್ತು ಹೊಡೆದ ಯುಗೋಸ್ಲಾವಿಯದವರೂ ಸೋಲಿನಲ್ಲಿ ಕಡಿಮೆ ಪಳಗಿದವರಲ್ಲ. 1948ರ ಒಲಿಂಪಿಕ್ ಫೈನಲ್, ಸ್ವೀಡನ್ ಕೈಯಲ್ಲಿ ಸೋಲು. 1952ರ ಫೈನಲ್, ಹಂಗೆರಿ ಕೈಯಲ್ಲಿ ಸೋಲು. 1956ರ ಫೈನಲ್, ರಷ್ಯನ್ನರ ಕೈಯಲ್ಲಿ ಸೋಲು. ಸಾಲಾಗಿ ಮೂರು ಫೈನಲ್! ನಾಲ್ಕನೆಯದಕ್ಕೆ, 1960ರಲ್ಲಿ, ಡೆನ್ಮಾರ್ಕನ್ನು ಸೋಲಿಸಿ ಚಿನ್ನ ತಗೊಂಡರು. ನಮ್ಮನ್ನು ಚಚ್ಚಿದವರೂ ಹನ್ನೆರಡು ವರ್ಷ ಬಾಗಿಲಲ್ಲೇ ನಿಂತಿದ್ದವರು ಕಣ್ರಪ್ಪಾ!

* * *

ಇಷ್ಟು ಹೇಳೋ ಹೊತ್ತಿಗೆ ಹುಡುಗನ ಕ್ಯಾಲೆಂಡರು ತುಂಬಿತ್ತು. ನೋಡಿದೆ. ಮೊದಲ ಹಾಫಿನಲ್ಲಿ ಬಿದ್ದ ಗೋಲು ಬೆರಳೆಣಿಕೆಯಷ್ಟು. ಅರ್ಧಕ್ಕಿಂತ ಜಾಸ್ತಿ ಬಿದ್ದಿರೋದು ಅರವತ್ತನೇ ನಿಮಿಷದಿಂದ ಈಚೆಗೆ.

“ದಿನಾ ಎಷ್ಟು ಹೊತ್ತು ಪ್ರಾಕ್ಟೀಸು?”

“ನಲವತ್ತು ನಿಮಿಷ ಮಾವ. ಆಮೇಲೆ ಬಸ್ಸು ಹೋಗಿಬಿಡುತ್ತೆ.”

ಸಿಕ್ಕಿತು ನೋಡಿ ಕಳ್ಳ! ಟೀಮಿನಲ್ಲಿ ಒಬ್ಬ ಕಳಸದ ದಾರಿಯವನು, ಒಬ್ಬ ಬಾಳೂರು ಕಡೆಯವನು, ಇಬ್ಬರು ಕೊಟ್ಟಿಗೆಹಾರದವರು. ಸಂಜೆ ಬಸ್ಸು ತಪ್ಪಿದರೆ ಆ ಮಂಜಿನಲ್ಲಿ ಮನೆ ಸೇರೋದು ಹೇಗೆ? ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೈದಾನದಲ್ಲಿ ನಾಟಿ ಮಾಡಬಹುದು, ಅಷ್ಟು ನೀರು. ಬಿಸಿಲು ಬಂದಮೇಲೆ ಮನೆಯಲ್ಲಿ ಕಾಫಿ ಹಣ್ಣಿನ ಕೊಯ್ಲು, ರಜೆ ದಿನವೂ ಕೈ ಬಿಡುವಿಲ್ಲ. ಹೀಗೆ ನಲವತ್ತು ನಿಮಿಷಕ್ಕೆ ಪಳಗಿದ ಉಸಿರು ತೊಂಬತ್ತು ನಿಮಿಷದ ಮ್ಯಾಚಿಗೆ ಹೋದರೆ ಏನಾಗುತ್ತೆ? ಅರವತ್ತಕ್ಕೆ ಕಾಲು ಕೈಕೊಡುತ್ತೆ. ಎದುರಿನವರು ಹೆಚ್ಚು ಜಾಣರಲ್ಲ. ಅವರ ಮನೆ ಮೈದಾನದ ಪಕ್ಕದಲ್ಲಿದೆ, ಅಷ್ಟೇ!

ನಾನು ಹೇಳಿದ್ದಿಷ್ಟೇ. ಗ್ಲೌಸು ಸುಡೋದು ಆಮೇಲೆ ಇಟ್ಟುಕೋ. ಮೊದಲು ಈ ಕ್ಯಾಲೆಂಡರು ತಗೊಂಡು ಹೋಗಿ ನಿಮ್ಮ ಮೇಷ್ಟ್ರ ಮುಂದೆ ಹಿಡಿ. ‘ಸಾರ್, ನಾವು ಆಟ ಬಾರದೆ ಸೋತಿಲ್ಲ, ಉಸಿರು ಸಾಲದೆ ಸೋತಿದ್ದೀವಿ’ ಅನ್ನು. ವಾರಕ್ಕೆ ಒಂದೇ ಒಂದು ದಿನ ತೊಂಬತ್ತು ನಿಮಿಷ ಪೂರ್ತಿ ಆಡಿಸಿ ಅಂತ ಕೇಳು. ಉಳಿದ ದಿನ ಅವರವರ ತೋಟದ ಏರುದಾರಿಯಲ್ಲಿ ಬೆಳಿಗ್ಗೆ ಓಡಲಿ. ನಮ್ಮ ಸೀಮೆಯಲ್ಲಿ ಏರುದಾರಿಗೆ ಬರವೇ? ಟೀಮು ನಿಲ್ಲಿಸೋರ ಕೈಗೆ ‘ಆರಕ್ಕೆ ಆರು ಸೋಲು’ ಅನ್ನೋ ಒಂದೇ ಒಂದು ಕಾಗದ ಇದೆ. ನಿನ್ನ ಕೈಯಲ್ಲೂ ಒಂದು ಕಾಗದ ಇರಲಿ.

ಅವನು ಹೋಗಿ ಕೇಳಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ಕಾಫಿ ಬೆಳೆಯೋ ನಮ್ಮವರಿಗೆ ಇದು ಹೊಸ ಪಾಠವೇನಲ್ಲ. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಆ ವರ್ಷದ ಫಸಲು ಹೋಯಿತು. ಹಾಗಂತ ಯಾರಾದರೂ ಗಿಡ ಕಿತ್ತು ಒಲೆಗೆ ಹಾಕಿದ್ದುಂಟೇ? ಒಣ ರೆಕ್ಕೆ ತೆಗೀತಾರೆ, ಬೇಡದ ಚಿಗುರು ಮುರೀತಾರೆ, ಕಾಂಡ ಕೊರೆಯೋ ಹುಳ ಬಿದ್ದ ಗಿಡ ಯಾವುದು ಅಂತ ಒಂದೊಂದನ್ನೂ ಮುಟ್ಟಿ ನೋಡ್ತಾರೆ. ಫಸಲು ಹೋದ ವರ್ಷವೇ ಗಿಡದ ಹತ್ತಿರ ಹೋಗಿ ನಿಲ್ಲಬೇಕಾದ ವರ್ಷ.

* * *

ಹಾಗಂತ ಸೋಲು ತನ್ನಷ್ಟಕ್ಕೇ ಪಾಠ ಕಲಿಸುತ್ತೆ ಅಂತ ನಂಬಿ ಕೂರಬೇಡಿ. ಕಲಿಯೋರು ಇದ್ದರೆ ಮಾತ್ರ. ನಮ್ಮ ರಾಜ್ಯದ ಚರಿತ್ರೆಯೇ ಸಾಕ್ಷಿ. ಹೆಲ್ಸಿಂಕಿಯ ಬೆನ್ನಿಗೇ, 1952-53ರಲ್ಲಿ, ಮೈಸೂರು ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. 1967-68ರಲ್ಲಿ ಗೆದ್ದಿತು, 1968-69ರಲ್ಲಿ ಗೆದ್ದಿತು. ಆಮೇಲೆ? ರಾಜ್ಯದ ಹೆಸರು ಕರ್ನಾಟಕ ಅಂತ ಬದಲಾಯಿತು, ಟ್ರೋಫಿ ಮಾತ್ರ ಬರಲಿಲ್ಲ. ಹತ್ತಲ್ಲ, ಇಪ್ಪತ್ತಲ್ಲ... 54 ವರ್ಷ! ಕೊನೆಗೆ 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು ಮೂರು-ಎರಡರಿಂದ ಸೋಲಿಸಿ ನಮ್ಮ ಹುಡುಗರು ಕಪ್ಪು ತಂದರು. ಆವತ್ತು ಬಸ್ ಸ್ಟ್ಯಾಂಡುಗಳಲ್ಲಿ ಪಟಾಕಿ ಹೊಡೆದದ್ದು ನಾನಂತೂ ಕಾಣಲಿಲ್ಲ. ಒಂದು ಪಿಕ್ಚರಿನ ಟೀಸರು ಬಂದರೆ ಹೊಡೀತೀವಿ!

ಪಿಕ್ಚರ್ ಅಂದಾಗ ನೆನಪಾಯಿತು. ಈ ರಹೀಂ ಮೇಷ್ಟ್ರ ಕಥೆಯನ್ನೇ ಹಿಂದಿಯಲ್ಲಿ ‘ಮೈದಾನ್’ ಅಂತ ಮಾಡಿದರು, ಅಜಯ್ ದೇವಗನ್ ಹೀರೋ, 2024ರ ಏಪ್ರಿಲ್‌ನಲ್ಲಿ ಬಂತು. ಶುರುವಾಗೋದೇ ಹೆಲ್ಸಿಂಕಿಯ ಸೋಲಿನಿಂದ. ನೋಡಿದವರೆಲ್ಲ ಚೆನ್ನಾಗಿದೆ ಅಂದರು, ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ. ಸೋತವರ ಕಥೆ ಹೇಳಿದ ಪಿಕ್ಚರೂ ಸೋತಿತು! ಸಿಕ್ಕರೆ ನೋಡಿ. ಎದ್ದು ಹೋಗಬೇಡಿ, ಇಂಟರ್‌ವಲ್ ಆದಮೇಲೆ ಇದೆ ಆಟ.

ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ತಾವು ಹುಟ್ಟಿದ ಬೆಂಗಳೂರಿನಲ್ಲೇ ತೀರಿಕೊಂಡರು. ಅವರು ಗೆದ್ದ ಕಪ್ಪುಗಳ ಪಟ್ಟಿ ದೊಡ್ಡದಿದೆ. ನನಗೆ ಮಾತ್ರ ನೆನಪಿಗೆ ಬರೋದು ಆ ಒಂದು ನಿಮಿಷ. ಹತ್ತು ಗೋಲು ಬಿದ್ದಿವೆ, ಗೆಲ್ಲೋ ಮಾತಿಲ್ಲ, ಚಪ್ಪಾಳೆ ಹೊಡೆಯೋಕೆ ನಮ್ಮವರು ಯಾರೂ ಇಲ್ಲ, ಕಾಲಲ್ಲಿ ಬೂಟಿಲ್ಲ. ಆದರೂ ಮನುಷ್ಯ ಚೆಂಡಿನ ಹಿಂದೆ ಓಡಿದನಲ್ಲ... ಅವನಿಗೆ ಗೊತ್ತಿದ್ದದ್ದು ಒಂದೇ. ಸೀಟಿ ಇನ್ನೂ ಊದಿಲ್ಲ!